ಅಮ್ಮನ ಟ್ರಂಕಿನಲ್ಲಿದ್ದ ಫೈಲು

2022ರ ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ ಬೆಳಿಗ್ಗೆ ಅಮ್ಮ ಬಚ್ಚಲುಮನೆಯಿಂದ ಹೊರಗೆ ಬಂದಳು. ನನ್ನ ಮುಖ ನೋಡದೆ, "ನಿನ್ನೆ ಬೀಟ್‌ರೂಟ್ ಪಲ್ಯ ಜಾಸ್ತಿ ತಿಂದ್ನೇನೋ ಕಣೇ, ಒಂದಕ್ಕೆ ಹೋದ್ರೆ ಕೆಂಪಗೆ ಬರ್ತಿದೆ" ಅಂದಳು. ಬೀಟ್‌ರೂಟ್ ತಿಂದರೆ ಕೆಲವರಿಗೆ ಹಾಗಾಗುವುದು ನಿಜ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು, ಅಷ್ಟು ಗೊತ್ತಿತ್ತು. ಸುಮ್ಮನಾದೆ. ಹಬ್ಬದ ಅಡುಗೆಯಲ್ಲಿ ಬೀಟ್‌ರೂಟ್ ಪಲ್ಯ ಇರಲೇ ಇಲ್ಲ ಅಂತ ನೆನಪಾಗಿದ್ದು ತುಮಕೂರಿನ ಬಸ್ಸು ಹತ್ತಿ ಕೂತ ಮೇಲೆ.

ಫೋನ್ ಮಾಡಿದೆ. "ಏನಿಲ್ಲ ಕಣೇ, ಉಷ್ಣ ಆಗಿದೆ ಅಷ್ಟೆ" ಅಂದಳು.

ನಮ್ಮೂರು ತಿಪಟೂರಿನ ಹತ್ತಿರದ ಒಂದು ಹಳ್ಳಿ. ಉಷ್ಣಕ್ಕೆ ಅಲ್ಲಿ ಔಷಧಿಗೆ ಬರವಿಲ್ಲ. ಹಿತ್ತಲಿನಲ್ಲೇ ಎಳನೀರು. ಪಕ್ಕದ ಮನೆಯವರು ಬಾರ್ಲಿ ಗಂಜಿ ಕಾಯಿಸಿ ಕೊಟ್ಟರು. ಇನ್ಯಾರೋ ಕಾಮಕಸ್ತೂರಿ ಬೀಜ ನೆನೆಸಿಟ್ಟು ಕುಡಿ ಅಂದರು. ರಾತ್ರಿ ಹೊಕ್ಕುಳಿಗೆ ಹರಳೆಣ್ಣೆ. ಇವುಗಳಿಂದ ಅಮ್ಮನಿಗೆ ಕೆಟ್ಟದ್ದೇನೂ ಆಗಲಿಲ್ಲ. ಕೆಟ್ಟದ್ದಾಗಿದ್ದು ನಾವು ಕಳೆದುಕೊಂಡ ಮೂರು ತಿಂಗಳಿಂದ.

ಆ ಮೂರು ತಿಂಗಳಲ್ಲಿ ಡಾಕ್ಟರ ಹತ್ತಿರ ಹೋಗಿಲ್ಲ ಅಂತಲ್ಲ. ಒಂದು ಕ್ಲಿನಿಕ್ಕಿಗೆ ಮೂರು ಸಲ ಹೋದಳು. ಮೂರು ಸಲವೂ 'ಯೂರಿನ್ ಇನ್‌ಫೆಕ್ಷನ್' ಅಂತ ಆಂಟಿಬಯೋಟಿಕ್ ಬರೆದುಕೊಟ್ಟರು. ಹೆಂಗಸರಲ್ಲಿ ಮೂತ್ರಕೋಶಕ್ಕೆ ಬ್ಯಾಕ್ಟೀರಿಯಾ ಸೇರಿ ಉರಿಯೂತ ಆಗುವುದು ತೀರಾ ಸಾಮಾನ್ಯ. ಹೆಚ್ಚಿನ ಸಲ ಅದು ನಮ್ಮ ಕರುಳಿನಲ್ಲೇ ಇರುವ ಇ. ಕೋಲೈ. ಅದು ಜೋರಾದಾಗ ರಕ್ತವೂ ಬರುತ್ತದೆ, ಉರಿಯೂ ಇರುತ್ತದೆ, ಐದಾರು ದಿನದ ಮಾತ್ರೆಗೆ ವಾಸಿಯೂ ಆಗುತ್ತದೆ. ಹಾಗಾಗಿ ಮೊದಲ ಸಲ ಹಾಗೆ ಅಂದುಕೊಂಡಿದ್ದರಲ್ಲಿ ತಪ್ಪಿಲ್ಲ. ಆದರೆ ಮೂರನೇ ಸಲಕ್ಕಾದರೂ ಒಂದು ಕಲ್ಚರ್ ಟೆಸ್ಟ್, ಅಂದರೆ ಮೂತ್ರದಲ್ಲಿ ನಿಜಕ್ಕೂ ಬ್ಯಾಕ್ಟೀರಿಯಾ ಇದೆಯಾ ಅಂತ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕಿತ್ತು. ಅಮ್ಮನಿಗೆ ಜ್ವರ ಇರಲಿಲ್ಲ. ಮೊದಮೊದಲು ಉರಿಯೂ ಅಷ್ಟಾಗಿ ಇರಲಿಲ್ಲ. ಬರೀ ರಕ್ತ, ಮತ್ತೆ ಗಳಿಗೆಗೊಂದು ಸಲ ಬಚ್ಚಲಿಗೆ ಓಡುವ ಅವಸರ.

ನಮ್ಮನ್ನು ಏಮಾರಿಸಿದ್ದು ಇನ್ನೊಂದು. ಮಾತ್ರೆ ತಗೊಂಡ ನಾಲ್ಕೈದು ದಿನಕ್ಕೆ ರಕ್ತ ನಿಲ್ಲುತ್ತಿತ್ತು. ಔಷಧಿ ಹಿಡಿಯಿತು ಅಂದುಕೊಳ್ಳುತ್ತಿದ್ದೆವು. ಅಮ್ಮನಿಗೆ ನಿಜಕ್ಕೂ ಇದ್ದ ಕಾಯಿಲೆಯಲ್ಲಿ ರಕ್ತ ಬರುವುದು, ನಿಲ್ಲುವುದು, ಮತ್ತೆ ಬರುವುದು, ಎಲ್ಲಾ ತನ್ನಷ್ಟಕ್ಕೆ ತಾನೇ ಆಗುತ್ತದೆ. ಮಾತ್ರೆ ನುಂಗದಿದ್ದರೂ ಅದು ನಿಲ್ಲುತ್ತಿತ್ತೇನೋ.

ಆ ಡಾಕ್ಟರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಅಮ್ಮ ಹೇಳಿರಲಿಲ್ಲ. ಹೇಳಬೇಡ ಅಂತ ಅಮ್ಮನಿಗೆ ಆರು ವರ್ಷದ ಹಿಂದೆ ಕಲಿಸಿದ್ದು ನಾನು.

2016ರಲ್ಲಿ ಅಮ್ಮನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನಲ್ಲಿ ಐದು ವಾರ ಕರೆಂಟ್ ಕೊಟ್ಟರು. ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೇ ಹೇಳುವುದು. ವಾರಕ್ಕೊಂದು ಸಲ ಕೀಮೋ. ಕೊನೆಗೆ ಒಳಗಿನಿಂದ ಕೊಡುವ ಕರೆಂಟ್, ಮೂರು ಸಲ. ಗೆಡ್ಡೆ ಪೂರ್ತಿ ಕರಗಿತು. ಅಮ್ಮ ಬದುಕಿದ್ದೇ ಆ ಕರೆಂಟಿನಿಂದ, ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ. ಆದರೆ ಆಗ ತಂಗಿಗೆ ಗಂಡು ನೋಡುತ್ತಿದ್ದೆವು. ಅಪ್ಪ ಇರಲಿಲ್ಲ. ತಾಯಿಗೆ ಕ್ಯಾನ್ಸರ್ ಅಂತ ಗೊತ್ತಾದರೆ ಯಾರು ಬರ್ತಾರೆ ಅನ್ನುವ ಹೆದರಿಕೆ. "ಗರ್ಭಚೀಲದಲ್ಲಿ ಗಡ್ಡೆ ಇತ್ತು, ತೆಗೆಸಿದ್ವಿ ಅನ್ನು. ಯಾರಿಗೂ ಬೇರೆ ಏನೂ ಹೇಳಬೇಡ" ಅಂದೆ. ಅಮ್ಮ ಆಸ್ಪತ್ರೆಯ ಫೈಲನ್ನು ಟ್ರಂಕಿನಲ್ಲಿ ಧಾರೆ ಸೀರೆಯ ಅಡಿಗಿಟ್ಟಳು. 2018ರಲ್ಲಿ ತಂಗಿ ಮದುವೆ ಆಯಿತು. ಫೈಲು ಅಲ್ಲೇ ಉಳಿಯಿತು.

2022ರ ನವೆಂಬರ್‌ನ ಒಂದು ರಾತ್ರಿ ಹನ್ನೊಂದೂವರೆಗೆ ಪಕ್ಕದ ಮನೆಯವರಿಂದ ಫೋನ್ ಬಂತು. ಅಮ್ಮನಿಗೆ ಮಧ್ಯಾಹ್ನದಿಂದ ಮೂತ್ರವೇ ಬಂದಿಲ್ಲ, ಕಿಬ್ಬೊಟ್ಟೆ ಕಲ್ಲಿನ ಹಾಗೆ ಆಗಿದೆ, ನೋವಿಗೆ ನೆಲದ ಮೇಲೆ ಹೊರಳಾಡ್ತಿದಾರೆ ಅಂತ. 108 ಕರೆಸಿ ತುಮಕೂರಿಗೆ ತರಲು ಹೇಳಿದೆ. ಆಸ್ಪತ್ರೆ ಬಾಗಿಲಲ್ಲಿ ಸ್ಟ್ರೆಚರ್ ಇಳಿಸಿದಾಗ ಅಮ್ಮನ ತುಟಿ ಬೆಳ್ಳಗಿತ್ತು. ಹಿಮೋಗ್ಲೋಬಿನ್ 6.4.

ಆಗಿದ್ದು ಏನೆಂದರೆ, ಮೂತ್ರಕೋಶದೊಳಗೆ ಸೋರಿದ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಹೋಗಿ ಬಾಯಿಗೆ ಸಿಕ್ಕಿಕೊಂಡಿತ್ತು. ಮೂತ್ರ ಹೊರಗೆ ಬರಲು ದಾರಿಯಿಲ್ಲ. ರಕ್ತ ಒಳಗೆ ಸೇರುತ್ತಲೇ ಇದೆ. ಕೆಂಪು ಮೂತ್ರದಲ್ಲಿ ಹೆಪ್ಪು ಕಾಣಿಸಿದರೆ, ಇಲ್ಲವೇ ಮೂತ್ರ ನಿಂತೇ ಹೋದರೆ, ಬೆಳಗಾಗಲಿ ಅಂತ ಕಾಯಬಾರದು. ನಾವು ಅರ್ಧ ದಿನ ಕಾದಿದ್ದೆವು.

ಡ್ಯೂಟಿಯಲ್ಲಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರ್. ಮೂತ್ರ ಇಳಿಸುವ ಪೈಪು, ಅಂದರೆ ಕ್ಯಾತೀಟರ್ ಹಾಕಲು ಸೀರೆ ಸರಿಸಿದವಳು ಅಮ್ಮನ ಹೊಟ್ಟೆಯ ಕೆಳಗೆ ಬೆರಳಿಟ್ಟು ನಿಂತಳು. "ಅಮ್ಮಾ, ಈ ಚುಕ್ಕೆ ಏನು?" ಅಂತ ಕೇಳಿದಳು. ಎಳ್ಳಿನಷ್ಟು ಚಿಕ್ಕದು, ನೀಲಿ ಬಣ್ಣ. ನಡುವೆ ಒಂದು, ಸೊಂಟದ ಎರಡೂ ಪಕ್ಕ ಒಂದೊಂದು. ರೇಡಿಯೇಷನ್ ಕೊಡುವಾಗ ದಿನಾ ಅದೇ ಜಾಗಕ್ಕೆ ಬೀಳಲಿ ಅಂತ ಹಾಕುವ ಹಚ್ಚೆ ಅದು. "ಹಿಂದೆ ಕರೆಂಟ್ ಕೊಟ್ಟಿದ್ರಾ?" ಅಮ್ಮ ಆ ನೋವಿನಲ್ಲೂ ನನ್ನ ಮುಖ ನೋಡಿದಳು. ಹೇಳಲಾ ಅಂತ ಕೇಳುವ ಹಾಗೆ. ಆ ನೋಟ ನನಗೆ ಇವತ್ತಿಗೂ ಕಾಣಿಸುತ್ತದೆ. ನಾನೇ ಹೇಳಿದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋಗಿ ಟ್ರಂಕಿನಿಂದ ಫೈಲ್ ತಂದೆ. ಯೂರಾಲಜಿ ಡಾಕ್ಟರ್ ಅದರ ಒಂದೊಂದು ಹಾಳೆಯನ್ನೂ ಓದಿದರು. 25 ದಿನ, ಒಟ್ಟು 50 ಗ್ರೇ (ಕರೆಂಟನ್ನು ಅಳೆಯುವುದು ಗ್ರೇ ಲೆಕ್ಕದಲ್ಲಿ), ಮೇಲೆ ಮೂರು ಸಲದ ಒಳಗಿನ ಕರೆಂಟ್. "ಇದು ರೇಡಿಯೇಷನ್ ಸಿಸ್ಟೈಟಿಸ್" ಅಂದರು. ಅಂದರೆ ಕರೆಂಟಿನಿಂದ ಮೂತ್ರಕೋಶಕ್ಕೆ ಆದ ಉರಿಯೂತ. ಆರು ವರ್ಷ ಆಗಿದೆಯಲ್ಲ ಸರ್ ಅಂದೆ. ಆರು ತಿಂಗಳಿಗೂ ಬರಬಹುದು, 20 ವರ್ಷ ಕಳೆದ ಮೇಲೂ ಬರಬಹುದು ಅಂದರು.

ಗರ್ಭಕೋಶದ ಬಾಯಿಗೆ ಅಂಟಿಕೊಂಡಂತೆ ಮುಂದುಗಡೆ ಇರುವುದೇ ಮೂತ್ರಕೋಶ. ಎಷ್ಟು ಗುರಿಯಿಟ್ಟು ಕೊಟ್ಟರೂ ಅದಕ್ಕೆ ಸ್ವಲ್ಪ ಪೆಟ್ಟು ಬೀಳುತ್ತದೆ. ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಟ್ಟಾಗಲೂ ಹೀಗೇ. ಎಲ್ಲರಿಗೂ ಆಗುವುದಿಲ್ಲ. ಆದವರಿಗೆ ಅಲ್ಲಿನ ಸಣ್ಣ ಸಣ್ಣ ರಕ್ತನಾಳಗಳ ಒಳಗೋಡೆ ವರ್ಷಗಟ್ಟಲೆ ನಿಧಾನಕ್ಕೆ ದಪ್ಪವಾಗುತ್ತಾ, ಕೊನೆಗೆ ಮುಚ್ಚಿಹೋಗುತ್ತದೆ. ರಕ್ತ ಸಿಗದ ಗೋಡೆ ಸೊರಗುತ್ತದೆ, ಬಿಗಿಯಾಗುತ್ತದೆ. ಹಿಗ್ಗಲಾರದ ಚೀಲಕ್ಕೆ ಸ್ವಲ್ಪ ತುಂಬಿದರೂ ಅವಸರ. ಮುಚ್ಚಿದ ನಾಳಗಳ ಬದಲು ದೇಹ ಹೊಸ ನಾಳ ಹುಟ್ಟಿಸಲು ನೋಡುತ್ತದೆ. ಅವು ಹುರಿಯಿಲ್ಲದ ನೂಲಿನಂಥವು. ಮುಟ್ಟಿದರೆ ಹರಿಯುತ್ತವೆ.

ಇದೆಲ್ಲಾ ನನಗೆ ಆಮೇಲೆ ಅರ್ಥವಾಗಿದ್ದು. ಮೊದಲ ನಾಲ್ಕು ದಿನ ನನಗೆ ಗೊತ್ತಿದ್ದಿದ್ದು ಒಂದು ಪೈಪಿನ ಬಣ್ಣ ಮಾತ್ರ.

ಮೊದಲು ಡಾಕ್ಟರ್ ದೊಡ್ಡ ಸಿರಿಂಜಿನಿಂದ ಸಲೈನ್ ಒಳಗೆ ತಳ್ಳಿ, ಎಳೆದು, ಹೆಪ್ಪುಗಳನ್ನು ಹೊರಗೆ ತೆಗೆದರು. ಜಿಗಣೆಯಂಥ ಕಪ್ಪು ಚೂರುಗಳು. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಮೂರು ಬಾಯಿಯ ಕ್ಯಾತೀಟರ್ ಹಾಕಿದರು. ಒಂದು ಬಾಯಿ ಒಳಗೆ ಬಲೂನು ಉಬ್ಬಿಸಿ ನಿಲ್ಲಿಸಲು. ಇನ್ನೊಂದರಿಂದ ಸಲೈನ್ ಒಳಗೆ ಹೋಗುತ್ತಲೇ ಇರುತ್ತದೆ, ಮೂರನೆಯದರಿಂದ ಹೊರಗೆ ಬರುತ್ತಲೇ ಇರುತ್ತದೆ. ಹೊಸ ರಕ್ತ ಹೆಪ್ಪುಗಟ್ಟಲು ಸಮಯವೇ ಸಿಗಬಾರದು, ಅದಕ್ಕೆ. ಮೂರು ಲೀಟರಿನ ಸಲೈನ್ ಚೀಲಗಳು ಒಂದರ ಹಿಂದೆ ಒಂದು ಖಾಲಿಯಾಗುತ್ತಿದ್ದವು. ನರ್ಸ್ ಸಿಸ್ಟರ್ ನನ್ನ ಕೈಗೊಂದು ಹಾಳೆ ಕೊಟ್ಟು, ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಬರೀತಾ ಇರಿ ಅಂದರು. ಮುಖ್ಯವಾದ ಒಂದು ಮಾತನ್ನು ಎರಡು ಸಲ ಹೇಳಿದರು. "ಹೊರಗೆ ಬರೋದು ನಿಂತ್ರೆ, ಮೊದಲು ಮೇಲಿನ ಈ ಚಕ್ರ ತಿರುಗಿಸಿ ಸಲೈನ್ ನಿಲ್ಲಿಸಿ. ಆಮೇಲೆ ನನ್ನ ಕೂಗಿ. ಓಡಿ ಬಂದು ಹೇಳೋದು ಎರಡನೇದು." ಹೊರಗೆ ಬರುವ ದಾರಿ ಮುಚ್ಚಿ ಒಳಗೆ ಹೋಗುವ ದಾರಿ ತೆರೆದಿದ್ದರೆ ಮೂತ್ರಕೋಶ ಹಿಗ್ಗಿ ಹಿಗ್ಗಿ ಒಡೆಯಬಹುದು. ಎರಡನೇ ರಾತ್ರಿ ಎರಡು ಗಂಟೆಗೆ ಹಾಗೆ ನಿಂತಿತು. ಅವರು ಹೇಳಿಕೊಟ್ಟಂತೆ ಮಾಡಿದೆ.

ಬಣ್ಣ ಮೊದಲು ಬೇಯಿಸಿದ ಬೀಟ್‌ರೂಟಿನ ನೀರಿನ ಹಾಗಿತ್ತು. ಮೂರನೇ ದಿನ ಪುನರ್ಪುಳಿ ಶರಬತ್ತಿನಷ್ಟಾಯಿತು. ಆಮೇಲೆ ಮತ್ತೆ ಕೆಂಪು. ಮೂರು ಬಾಟಲಿ ರಕ್ತ ಕೊಟ್ಟರು. ರಕ್ತ ನಿಲ್ಲಿಸಲು ಕೊಡುವ ಟ್ರಾನೆಕ್ಸಮಿಕ್ ಮಾತ್ರೆಯ ಹೆಸರು ಕೇಳಿದ್ದೆ, ಅದನ್ನು ಯಾಕೆ ಕೊಡ್ತಿಲ್ಲ ಅಂತ ಕೇಳಿದೆ. ಅದು ಹೆಪ್ಪನ್ನು ಗಟ್ಟಿ ಮಾಡುತ್ತದೆ, ಗಟ್ಟಿಯಾದ ಹೆಪ್ಪು ಮತ್ತೆ ದಾರಿ ಕಟ್ಟಿಬಿಡಬಹುದು, ಹಾಗಾಗಿ ಇಲ್ಲಿ ತೂಗಿ ನೋಡಿ ಕೊಡಬೇಕು ಅಂದರು. ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆ ಅಲ್ಲ ಅದು.

ಐದನೇ ದಿನ ಅರಿವಳಿಕೆ ಕೊಟ್ಟು ಸಿಸ್ಟೋಸ್ಕೋಪಿ, ಅಂದರೆ ಮೂತ್ರಕೋಶದೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ ಮಾಡಿದರು. ಹಳೆಯ ಕ್ಯಾನ್ಸರ್ ಮರಳಿದೆಯಾ, ಮೂತ್ರಕೋಶದಲ್ಲೇ ಹೊಸದು ಹುಟ್ಟಿದೆಯಾ ಅಂತ ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಲೇಬೇಕು. ಆಮೇಲೆ ನನಗೆ ವಿಡಿಯೋ ತೋರಿಸಿದರು. ಸುಣ್ಣ ಬಳಿದ ಗೋಡೆಯ ಹಾಗೆ ಬಿಳಚಿಕೊಂಡ ಒಳಮೈ. ಅದರ ಮೇಲೆ ಅಲ್ಲಲ್ಲಿ ಜೇಡ ಬಲೆಯಂಥ ಕೆಂಪು ಎಳೆಗಳು. ಒಂದೆಡೆ ಎಳೆಯ ತುದಿಯಿಂದ ರಕ್ತ ತೆಳ್ಳಗೆ, ಹೊಗೆ ಎದ್ದ ಹಾಗೆ ನೀರಿನಲ್ಲಿ ಬೆರೆಯುತ್ತಿತ್ತು. ಸುರಿಯುತ್ತಿದ್ದ ಜಾಗಗಳನ್ನು ಸುಟ್ಟು ಮುಚ್ಚಿದರು. ಕ್ಯಾನ್ಸರ್ ಇರಲಿಲ್ಲ.

ಎರಡು ದಿನ ಚೆನ್ನಾಗಿತ್ತು. ಮತ್ತೆ ಗುಲಾಬಿ ಬಣ್ಣ ಶುರುವಾಯಿತು. ಡಾಕ್ಟರ್ ರೌಂಡ್ಸಿಗೆ ಬಂದವರು, "ಪಟಿಕ ಹಾಕಿ ನೋಡೋಣ" ಅಂದರು. ಅಮ್ಮ ಕಣ್ಣು ಬಿಟ್ಟಳು. "ಪಟಿಕಾನಾ? ಕ್ಷೌರದಂಗಡೀಲಿ ಹಚ್ಚೋದು?" ಹೌದು, ಅದೇ. ಗಡ್ಡ ಕೆರೆದಾಗ ಗಾಯಕ್ಕೆ ಒತ್ತುವುದು. ಕೆರೆಯ ಕೆಸರು ನೀರು ತಿಳಿಯಾಗಲು ಅಜ್ಜಿ ಕೊಡದಲ್ಲಿ ಆಡಿಸುತ್ತಿದ್ದದ್ದು. ಶುದ್ಧ ಮಾಡಿದ ಪಟಿಕವನ್ನು ನೂರಕ್ಕೆ ಒಂದರಂತೆ ನೀರಿನಲ್ಲಿ ಕರಗಿಸಿ, ಅದೇ ಕ್ಯಾತೀಟರಿನಲ್ಲಿ ನಿಧಾನಕ್ಕೆ ಬಿಡುತ್ತಾರೆ. ಅದು ಒಳಮೈಯ ಪ್ರೋಟೀನನ್ನು ಬಿಗಿಯಿಸಿ, ಸಣ್ಣ ನಾಳಗಳ ಬಾಯಿ ಮುಚ್ಚಿಸುತ್ತದೆ. ಶುರು ಮಾಡುವ ಮುನ್ನ ಕಿಡ್ನಿಯ ಪರೀಕ್ಷೆ ನೋಡಿಕೊಂಡರು. ಕಿಡ್ನಿ ಸರಿಯಿಲ್ಲದವರಲ್ಲಿ ಪಟಿಕದ ಅಲ್ಯೂಮಿನಿಯಂ ರಕ್ತಕ್ಕೆ ಸೇರಿ ಮೆದುಳಿಗೆ ತೊಂದರೆ ಮಾಡಬಹುದಂತೆ. ಮನೆಯಲ್ಲಿ ಯಾರೂ ಪಟಿಕ ಕರಗಿಸಿ ಕುಡಿಯಲು ಹೋಗಬೇಡಿ ದಯವಿಟ್ಟು, ಇದು ಕುಡಿಯುವ ಔಷಧಿ ಅಲ್ಲವೇ ಅಲ್ಲ. ಅಮ್ಮನಿಗೆ ಎರಡು ದಿನ ಬಿಟ್ಟರು. ಹೊಟ್ಟೆ ಹಿಂಡಿದಂತೆ ನೋವು ಬರುತ್ತಿತ್ತು. ಆದರೆ ಮೂರನೇ ಬೆಳಿಗ್ಗೆ ಪೈಪಿನಲ್ಲಿ ನೀರು ತಿಳಿಯಾಗಿ ಇಳಿಯಿತು.

ಆ ವಾರ್ಡಿನಲ್ಲೇ ನನಗೆ ಗೊತ್ತಾಯಿತು, ಮೂತ್ರಕೋಶದಿಂದ ಹೀಗೆ ರಕ್ತ ಸೋರುವುದಕ್ಕೆ ಕಾರಣ ಒಂದೇ ಅಲ್ಲ ಅಂತ. ಎದುರಿನ ಮಂಚದ ಹುಡುಗಿಗೆ ಲೂಪಸ್, ರೋಗ ತಡೆಯುವ ಶಕ್ತಿಯೇ ಸ್ವಂತ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಅದಕ್ಕೆ ಸೈಕ್ಲೋಫಾಸ್ಫಮೈಡ್ ಅನ್ನುವ ಇಂಜೆಕ್ಷನ್ ಕೊಡುತ್ತಿದ್ದರು. ಕ್ಯಾನ್ಸರಿಗೂ ಕೊಡುವ ಔಷಧಿಯದು. ಅದು ದೇಹದಲ್ಲಿ ಒಡೆದಾಗ ಅಕ್ರೋಲಿನ್ ಅನ್ನುವ ವಿಷ ಹುಟ್ಟಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮೂತ್ರಕೋಶದಲ್ಲಿ ಅದು ನಿಂತಷ್ಟು ಹೊತ್ತು ಒಳಮೈಯನ್ನು ಸುಡುತ್ತದೆ. ಐಫಾಸ್ಫಮೈಡ್ ಅನ್ನುವ ಇನ್ನೊಂದು ಕ್ಯಾನ್ಸರ್ ಔಷಧಿಯದ್ದೂ ಇದೇ ಕಥೆ, ಇನ್ನೂ ಜೋರು. ಅದಕ್ಕೇ ಐಫಾಸ್ಫಮೈಡ್ ಜೊತೆ, ಹೆಚ್ಚಿನ ಡೋಸಿನ ಸೈಕ್ಲೋಫಾಸ್ಫಮೈಡ್ ಜೊತೆಗೂ ಮೆಸ್ನಾ ಅಂತ ಇನ್ನೊಂದು ಔಷಧಿ ಕೊಡುತ್ತಾರೆ. ಅದು ಮೂತ್ರದಲ್ಲಿ ಅಕ್ರೋಲಿನ್ ಜೊತೆ ಅಂಟಿಕೊಂಡು ಅದರ ಹಲ್ಲು ಕಿತ್ತುಬಿಡುತ್ತದೆ. ಇಂಥ ಔಷಧಿ ತಗೊಳ್ಳುವವರಿಗೆ ನೀರು ಜಾಸ್ತಿ ಕುಡೀರಿ, ಮೂತ್ರ ತಡೀಬೇಡಿ ಅಂತ ಸಿಸ್ಟರುಗಳು ಬೆನ್ನು ಹತ್ತುವುದು ಇದಕ್ಕೇ. ಮೆಸ್ನಾದಿಂದ ಅಮ್ಮನಿಗೆ ಉಪಯೋಗವಿಲ್ಲ, ಅದು ತಡೆಯುವುದು ಆ ಒಂದು ವಿಷವನ್ನು ಮಾತ್ರ.

ಬೋನ್ ಮ್ಯಾರೋ ಕಸಿ ಆದವರಲ್ಲಿ ವೈರಸ್ಸಿನಿಂದಲೂ ಆಗುತ್ತದೆ. ಬಿಕೆ ವೈರಸ್ ಅಂತ. 1971ರಲ್ಲಿ ಲಂಡನ್ನಿನ ವೈದ್ಯರು ಕಿಡ್ನಿ ಕಸಿ ಆದ ಒಬ್ಬರ ಮೂತ್ರದಲ್ಲಿ ಅದನ್ನು ಕಂಡದ್ದನ್ನು ವರದಿ ಮಾಡಿದರು. ಆ ರೋಗಿಯ ಹೆಸರಿನ ಮೊದಲ ಅಕ್ಷರಗಳೇ ವೈರಸ್ಸಿನ ಹೆಸರಾದವು. ನಮ್ಮಲ್ಲಿ ಬಹಳ ಜನರೊಳಗೆ ಚಿಕ್ಕಂದಿನಿಂದಲೇ ಅದು ಮಲಗಿರುತ್ತದೆ, ಏನೂ ಮಾಡುವುದಿಲ್ಲ. ರೋಗ ತಡೆಯುವ ಶಕ್ತಿ ಕುಂದಿದಾಗ ಏಳುತ್ತದೆ. ಕಾರಣ ಯಾವುದು ಅನ್ನುವುದರ ಮೇಲೆ ಔಷಧಿ ಬದಲಾಗುತ್ತದೆ. ಅದಕ್ಕೇ ಹಳೆಯದೆಲ್ಲವನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಡಿಸ್ಚಾರ್ಜ್ ಆಗುವಾಗ ಡಾಕ್ಟರ್ ಮುಂದಿನ ದಾರಿಯನ್ನೂ ಹೇಳಿದರು. ಮತ್ತೆ ಜೋರಾದರೆ ರಕ್ತನಾಳದ ಒಳಗಿಂದ ಹೋಗಿ ಆ ಕಡೆಯ ನಾಳವನ್ನೇ ಮುಚ್ಚಬಹುದು. ಮೂತ್ರಕೋಶದೊಳಗೆ ಫಾರ್ಮಾಲಿನ್ ಅನ್ನುವ ರಾಸಾಯನಿಕ ಬಿಡುವುದೂ ಇದೆ, ಅದು ತುಂಬಾ ನೋವಿನದು, ಅರಿವಳಿಕೆ ಬೇಕು, ಮೂತ್ರಕೋಶ ಕುಗ್ಗಿಹೋಗುವ ಭಯವೂ ಇದೆ. ಯಾವುದಕ್ಕೂ ಬಗ್ಗದಿದ್ದರೆ ಮೂತ್ರಕೋಶವನ್ನೇ ತೆಗೆಯುವ ಆಪರೇಷನ್. ಅಲ್ಲಿವರೆಗೆ ಹೋಗದ ಹಾಗೆ ಒಂದು ಪ್ರಯತ್ನ ಮಾಡೋಣ ಅಂತ ಹೈಪರ್‌ಬ್ಯಾರಿಕ್ ಆಕ್ಸಿಜನ್, ಅಂದರೆ ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಉಸಿರಾಡಿಸುವ ಚಿಕಿತ್ಸೆಗೆ ಬೆಂಗಳೂರಿಗೆ ಬರೆದುಕೊಟ್ಟರು.

ವಾರಕ್ಕೆ ಐದು ದಿನ, ಒಟ್ಟು 40 ಸಲ. ಎರಡು ತಿಂಗಳು ಬೆಂಗಳೂರಿನಲ್ಲಿ ಇರಬೇಕು. ಇರುವುದೆಲ್ಲಿ? ತಂಗಿಯ ಮನೆಯೊಂದೇ. ಅವಳ ಅತ್ತೆಗೆ ಈಗ ಹೇಳಲೇಬೇಕಾಯಿತು. ನಾನೇ ಹೋಗಿ ಎದುರು ಕೂತು, 2016ರಿಂದ ಶುರು ಮಾಡಿ ಎಲ್ಲಾ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಮ್ಮಕ್ಕನೂ ಇದರಲ್ಲೇ ಹೋಗಿದ್ದಮ್ಮ. ನಾವೂ ಯಾರಿಗೂ ಹೇಳಿರ್ಲಿಲ್ಲ" ಅಂದರು. ಅಮ್ಮನಿಗೆ ತಮ್ಮ ರೂಮನ್ನೇ ಬಿಟ್ಟುಕೊಟ್ಟರು. ಬಚ್ಚಲು ಅದಕ್ಕೆ ಹತ್ತಿರ ಅಂತ.

ಆ ಯಂತ್ರ ನೋಡಲು ದೊಡ್ಡ ಗಾಜಿನ ಕೊಳವೆ. ಒಳಗೆ ಮಲಗಿಸಿ, ಬಾಗಿಲು ಹಾಕಿ, ಗಾಳಿಯ ಒತ್ತಡವನ್ನು ಹೊರಗಿನದ್ದಕ್ಕಿಂತ ಎರಡು, ಎರಡೂವರೆ ಪಟ್ಟು ಏರಿಸುತ್ತಾರೆ. ಉಸಿರಾಡಲು ಬರೀ ಆಕ್ಸಿಜನ್. ಒಂದೂವರೆ ಗಂಟೆ. ಆ ಒತ್ತಡಕ್ಕೆ ಆಕ್ಸಿಜನ್ ರಕ್ತದ ನೀರಿನಲ್ಲೇ ಕರಗಿ, ಸೊರಗಿದ ಗೋಡೆಗೂ ಮುಟ್ಟುತ್ತದೆ. ದಿನಾ ಹೀಗೆ ಮುಟ್ಟಿದರೆ ಅಲ್ಲಿ ಗಟ್ಟಿಯಾದ ಹೊಸ ನಾಳಗಳು ಹುಟ್ಟುತ್ತವೆ. ಸುಟ್ಟು ಮುಚ್ಚುವುದು, ಪಟಿಕ ಇವೆಲ್ಲ ಸೋರುವ ಸೂರಿಗೆ ತೇಪೆ ಹಾಕಿದ ಹಾಗೆ, ಇದು ಹೆಂಚನ್ನೇ ಬದಲಿಸುವ ಪ್ರಯತ್ನ. ಉತ್ತರ ಯೂರೋಪಿನ ಐದು ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ರೇಡಿಯೇಷನ್ನಿನಿಂದ ಮೂತ್ರಕೋಶ ಕೆಟ್ಟವರಲ್ಲಿ 30ರಿಂದ 40 ಸಲದ ಈ ಚಿಕಿತ್ಸೆ ಪಡೆದವರ ತೊಂದರೆ, ಪಡೆಯದವರಿಗಿಂತ ಚೆನ್ನಾಗಿ ಕಡಿಮೆಯಾಗಿತ್ತು. ಎಲ್ಲರಿಗೂ ಫಲ ಕೊಡುವುದಿಲ್ಲ, ಖರ್ಚೂ ಜಾಸ್ತಿ. ನಮ್ಮ ಒಂದು ವರ್ಷದ ಕೊಬ್ಬರಿ ದುಡ್ಡು ಪೂರ್ತಿ ಅದಕ್ಕೇ ಹೋಯಿತು.

ಒಳಗೆ ಹೋಗುವಾಗ ಹತ್ತಿ ಬಟ್ಟೆ ಮಾತ್ರ. ಮೊಬೈಲ್ ಇಲ್ಲ, ಬಳೆ ಇಲ್ಲ, ತಲೆಗೆ ಎಣ್ಣೆ ಇಲ್ಲ. ಅಷ್ಟು ಆಕ್ಸಿಜನ್ ಇರುವ ಕಡೆ ಎಣ್ಣೆ, ಕಿಡಿ ಎರಡೂ ಅಪಾಯ. ತಿಪಟೂರು ಸೀಮೆಯ ಹೆಂಗಸಿಗೆ ಎರಡು ತಿಂಗಳು ಕೊಬ್ಬರಿ ಎಣ್ಣೆ ಹಚ್ಚಬೇಡ ಅಂದರೆ ಹೇಗೆ? ಅಮ್ಮ ನೋವಿಗೆ ಅಳಲಿಲ್ಲ, ಒಣಗಿ ಬಿರುಸಾದ ತಲೆಗೂದಲು ಮುಟ್ಟಿಕೊಂಡು ಒಂದು ಸಲ ಅತ್ತಳು. ಕಿವಿ ನೋಯುತ್ತಿತ್ತು. ಘಾಟಿ ಬಸ್ಸಿನಲ್ಲಿ ಕಿವಿ ಗಡಚಿಕ್ಕುತ್ತದಲ್ವಾ, ಹಾಗೆ. ಎಂಜಲು ನುಂಗಲು, ಆಕಳಿಸಲು, ಮೂಗು ಹಿಡಿದು ಗಾಳಿ ಊದಲು ಹೇಳಿಕೊಟ್ಟರು. ಹತ್ತು ದಿನಕ್ಕೆ ಅಭ್ಯಾಸವಾಯಿತು.

ಮೂವತ್ತನೇ ದಿನದ ಹೊತ್ತಿಗೆ ಒಂದು ಸಂಜೆ ಅಮ್ಮ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ನೋಡುತ್ತಾ ನಿಂತೆ. ಈ ಚಿಕಿತ್ಸೆಯಲ್ಲಿ ಕಣ್ಣಿನ ಮಸೂರ ಸ್ವಲ್ಪ ದಿನ ಬದಲಾಗಿ ದೂರದ್ದು ಮಸುಕಾಗುತ್ತದೆ, ವಯಸ್ಸಾದ ಕೆಲವರಿಗೆ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ. ಮುಗಿದ ಕೆಲವು ವಾರಕ್ಕೆ ಮೊದಲಿನ ಹಾಗೇ ಆಗುತ್ತದೆ, ಹೊಸ ಕನ್ನಡಕ ಮಾಡಿಸಬೇಡಿ ಅಂದಿದ್ದರು. ಅಮ್ಮ ಆ ಅವಕಾಶ ಬಿಡಲಿಲ್ಲ. ತಂಗಿಯ ಅತ್ತೆಯ ನಾಲ್ಕು ರವಿಕೆಗೆ ಕೊಕ್ಕೆ ಹಚ್ಚಿಕೊಟ್ಟಳು.

2023ರ ಯುಗಾದಿಗೆ ಊರಿಗೆ ಬಂದಳು. ಮನೆಯೊಳಗೆ ಕಾಲಿಟ್ಟವಳು ಮೊದಲು ಮಾಡಿದ ಕೆಲಸ ತಲೆಗೆ ಎಣ್ಣೆ ಹಚ್ಚಿಸಿಕೊಂಡಿದ್ದು.

ಅಲ್ಲಿಂದ ಇಲ್ಲಿವರೆಗೆ ಎರಡು ಸಲ ಗುಲಾಬಿ ಬಣ್ಣ ಕಾಣಿಸಿದೆ. ಒಂದು ಸಲ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಇತ್ತು, ಅದಕ್ಕೆ ತಕ್ಕ ಮಾತ್ರೆಗೆ ಹೋಯಿತು. ಇನ್ನೊಂದು ಸಲ ಸಿಸ್ಟೋಸ್ಕೋಪಿಯಲ್ಲಿ ಒಂದು ಎಳೆ ಸುಟ್ಟರು, ಮಾರನೇ ದಿನವೇ ಮನೆಗೆ. ಪೂರ್ತಿ ವಾಸಿಯಾಯಿತು ಅಂತ ಯಾರೂ ಹೇಳಿಲ್ಲ. ಅಮ್ಮ ದಿನಾ ಬೆಳಿಗ್ಗೆ ಬಣ್ಣ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಒಂದು ಚುಕ್ಕೆ ಇಡುತ್ತಾಳೆ. ತಿಳಿಯಾಗಿದ್ದರೆ ನೀಲಿ ಪೆನ್ನು. ಇಲ್ಲದಿದ್ದರೆ ಕೆಂಪು, ಮತ್ತೆ ಅದೇ ಗಳಿಗೆಗೆ ನನಗೆ ಫೋನ್.

ಫೈಲು ಈಗ ನಡುಮನೆಯ ಮೊಳೆಗೆ ತೂಗುಹಾಕಿದ ಚೀಲದಲ್ಲಿದೆ. ಅದರ ಮೊದಲ ಹಾಳೆಯ ಮೇಲೆ ನಾನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: 'ಇವರಿಗೆ 2016ರಲ್ಲಿ ಹೊಟ್ಟೆಯ ಕೆಳಗೆ ಕರೆಂಟ್ ಕೊಟ್ಟಿದೆ.' ಬಂದವರಿಗೆ ಕಾಣುತ್ತದೆ. ಕಾಣಲಿ.

ಮುಂದಿನ ಚೆಕಪ್ ದೀಪಾವಳಿ ಕಳೆದ ಮೇಲೆ. ಅಷ್ಟರೊಳಗೆ ಕಾಯಿ ಕೀಳಿಸಬೇಕು, ಆಳು ಸಿಕ್ಕರೆ ಹೇಳು ಅಂತ ಅಮ್ಮ ನಿನ್ನೆ ಫೋನ್ ಮಾಡಿದ್ದಳು.